ಫಿಟ್ಸ್‌ಗೆ ಎರಡನೇ ಗುಳಿಗೆ ಬರೆದಾಗ ಮನೆಯಲ್ಲಿ ಮಾಡಬೇಕಾದ ಕೆಲಸಗಳು

ಚೀಟಿಯಲ್ಲಿ ಹಳೇ ಗುಳಿಗೆಯ ಕೆಳಗೆ ಹೊಸದೊಂದು ಹೆಸರು ಬಂದಿರುತ್ತದೆ. ಅದನ್ನು ಕೌಂಟರ್ ಮೇಲೆ ಇಡುವಾಗಲೇ ಕೆಲವರ ಮುಖ ಸಪ್ಪಗಾಗಿರುತ್ತದೆ. "ಒಂದರಾಗ ನಿಂದರಲಿಲ್ಲರಿ. ಬ್ಯಾನಿ ಜೋರಾಗೇತೇನ್ರಿ?" ವಿಜಯಪುರದಲ್ಲಿ ಔಷಧಿ ಅಂಗಡಿ ಇಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಈ ಪ್ರಶ್ನೆ ತಿಂಗಳಿಗೆ ಒಂದೆರಡು ಸಲವಾದರೂ ನನ್ನ ಕಿವಿಗೆ ಬೀಳುತ್ತದೆ.

ಎರಡನೇ ಗುಳಿಗೆ ಬಂತು ಅಂದರೆ ಕಾಯಿಲೆ ಕೈಮೀರಿತು ಅಂತಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಅಲ್ಲಿಯವರೆಗೆ ಯಾವ ಔಷಧಿಯನ್ನೂ ತೆಗೆದುಕೊಳ್ಳದಿದ್ದ 470 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ, 2000ರಲ್ಲಿ ಲೆಕ್ಕ ಕೊಟ್ಟರು. ಮೊದಲನೇ ಔಷಧಿಯಲ್ಲೇ ಫಿಟ್ಸ್ ನಿಂತವರು ನೂರಕ್ಕೆ 47 ಜನ. ಎರಡನೆಯದರಲ್ಲಿ ಇನ್ನೂ 13 ಜನರಿಗೆ ನಿಂತಿತು. ಅಂದರೆ ಅರ್ಧಕ್ಕಿಂತ ಜಾಸ್ತಿ ಜನ ಮೊದಲನೆಯದನ್ನು ದಾಟಿಯೇ ಬರುತ್ತಾರೆ. ನೀವೊಬ್ಬರೇ ಅಲ್ಲ.

ನಾನು ಡಾಕ್ಟರ್ ಅಲ್ಲ. ಯಾವ ಗುಳಿಗೆ, ಎಷ್ಟು ಪವರ್ ಅನ್ನುವುದು ನರರೋಗ ತಜ್ಞರ ಕೆಲಸ. ಆದರೆ ಗುಳಿಗೆ ಮನೆಗೆ ಹೋದ ಮೇಲೆ ಏನಾಗುತ್ತದೆ ಅನ್ನುವುದು ಅವರಿಗಿಂತ ನಮ್ಮಂಥವರ ಕಣ್ಣಿಗೆ ಜಾಸ್ತಿ ಬೀಳುತ್ತದೆ. ಔಷಧಿ ಸೋತಿತು ಅಂತ ಅಂದುಕೊಂಡ ಕಡೆ ಎಷ್ಟೋ ಸಲ ತಪ್ಪಿದ್ದು ಲೆಕ್ಕ. ಈ ಲೇಖನ ಪೂರ್ತಿ ಆ ಲೆಕ್ಕದ್ದೇ.

ಒಂದು ಮಾತು ಮೊದಲೇ. ಇಲ್ಲಿ ಹೇಳುತ್ತಿರುವುದು ದೊಡ್ಡವರಿಗೆ ಬರುವ ಫೋಕಲ್ ಫಿಟ್ಸ್ ಬಗ್ಗೆ. ಫೋಕಲ್ ಅಂದರೆ ಮೆದುಳಿನ ಒಂದು ಜಾಗದಲ್ಲಿ ಶುರುವಾಗುವುದು. ಒಂದು ಕೈ ಮಾತ್ರ ಜಗ್ಗಬಹುದು. ಹೊಟ್ಟೆಯಿಂದ ಏನೋ ಮೇಲೆ ಎದ್ದಂತಾಗಬಹುದು. ಮಾತಾಡುತ್ತಾ ಇದ್ದವರು ಸುಮ್ನೆ ಒಂದೇ ಕಡೆ ನೋಡುತ್ತಾ, ಬಾಯಿ ಚಪ್ಪರಿಸುತ್ತಾ, ಅಂಗಿಯ ಗುಂಡಿ ತಡಕಾಡುತ್ತಾ ಒಂದೆರಡು ನಿಮಿಷ ಎಲ್ಲೋ ಹೋಗಿಬಿಡಬಹುದು. ಕೆಲವೊಮ್ಮೆ ಇದೇ ಹರಡಿಕೊಂಡು ಮೈಯೆಲ್ಲ ಅದುರುವ ದೊಡ್ಡ ಫಿಟ್ಸ್ ಆಗುತ್ತದೆ. ನಮ್ಮ ಕಡೆ ದೊಡ್ಡದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಸಣ್ಣದನ್ನು "ಲಕ್ಷ್ಯ ಎಲ್ಲೋ ಇತ್ತು" ಅಂತ ಬಿಟ್ಟುಬಿಡುತ್ತಾರೆ. ಎರಡನೇ ಗುಳಿಗೆ ಬೇಕೋ ಬೇಡವೋ ಅನ್ನುವುದು ಈ ಸಣ್ಣವುಗಳ ಮೇಲೂ ನಿಂತಿದೆ.

ಮೊದಲು ಹಳೇ ಸ್ಟ್ರಿಪ್ ಎಣಿಸಿ

ಇಂಡಿ ಕಡೆಯ ಒಬ್ಬ ಕಾಕಾ ನಮ್ಮಲ್ಲಿ ಕಾರ್ಬಮಜೆಪಿನ್ ಒಯ್ಯುತ್ತಿದ್ದರು. ದಿನಕ್ಕೆ ಎರಡು, ತಿಂಗಳಿಗೆ 60. ಫಿಟ್ಸ್ ಮತ್ತೆ ಬಂತು, ಇನ್ನೊಂದು ಗುಳಿಗೆ ಹಾಕುತ್ತಾರಂತೆ, ನಾಳೆ ಡಾಕ್ಟರ್ ಹತ್ತಿರ ಹೋಗಬೇಕು ಅಂದರು. ಗುಳಿಗೆ ಬಿಟ್ಟಿದ್ರೇನು ಅಂತ ಕೇಳಿದೆ. "ಒಂದ ದಿನಾನೂ ಬಿಟ್ಟಿಲ್ಲ ತಮ್ಮಾ, ನಿನ್ನಾಣಿ." ಚೀಲದಲ್ಲಿದ್ದ ಸ್ಟ್ರಿಪ್ ಇಸಿದುಕೊಂಡು ಕೌಂಟರ್ ಮೇಲೆ ಹರವಿದೆ. ತಿಂಗಳು ಮುಗಿದಿತ್ತು. 13 ಗುಳಿಗೆ ಉಳಿದಿದ್ದವು.

ಕಾಕಾ ಸುಳ್ಳು ಹೇಳಿರಲಿಲ್ಲ. ನಿಂಬೆ ತೋಟಕ್ಕೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುತ್ತಿತ್ತು. ಊಟ ಕಟ್ಟಿಕೊಂಡು ಹೊಲಕ್ಕೆ ಹೋದರೆ ಬೆಳಗಿನ ತನಕ ನೀರು ಹಾಯಿಸುವ ಕೆಲಸ. ಗುಳಿಗೆ ಮನೆಯ ಮಾಡದಲ್ಲಿ ಉಳಿಯುತ್ತಿತ್ತು. "ಅದು ಬಿಟ್ಟಂಗಲ್ಲ, ಹೊಲಕ್ಕ ಹೋದಂಗ" ಅಂತ ಅವರ ಲೆಕ್ಕ. ಗುಳಿಗೆಯೂ ಇಲ್ಲ, ನಿದ್ದೆಯೂ ಇಲ್ಲ. ಫಿಟ್ಸ್ ಬರುವುದಕ್ಕೆ ಇನ್ನೇನು ಬೇಕು ಹೇಳಿ. ಈ ಮಾತನ್ನು ಹಾಗೇ ಡಾಕ್ಟರಿಗೆ ಹೇಳಿ ಅಂದೆ. ಅವರು ಎರಡನೇ ಗುಳಿಗೆ ಸದ್ಯಕ್ಕೆ ತಡೆದು, ಹೊತ್ತು ಬದಲಿಸಿ ಕೊಟ್ಟರು. ಊಟದ ಡಬ್ಬಿಯಲ್ಲೇ ರಾತ್ರಿಯ ಗುಳಿಗೆ ಕಟ್ಟಿ ಕಳಿಸುವುದು ಕಾಕೂ ಕೆಲಸವಾಯಿತು.

ಆದ್ದರಿಂದ ಡಾಕ್ಟರ್ ಹತ್ತಿರ ಹೋಗುವ ಹಿಂದಿನ ದಿನ ಮನೆಯಲ್ಲಿ ಸ್ಟ್ರಿಪ್ ಎಣಿಸಿ. ಎಷ್ಟು ತಂದಿರಿ, ಎಷ್ಟು ದಿನವಾಯಿತು, ಎಷ್ಟು ಉಳಿದಿವೆ. ಉಳಿದಿದ್ದರೆ ಬೈಯಬೇಡಿ. ಬೈದರೆ ಮುಂದಿನ ತಿಂಗಳು ಉಳಿದ ಗುಳಿಗೆ ಕಸದ ಬುಟ್ಟಿಗೆ ಹೋಗುತ್ತದೆ, ಲೆಕ್ಕ ಮಾತ್ರ ಸರಿ ಬರುತ್ತದೆ. ಅದಕ್ಕಿಂತ ಉಳಿದದ್ದೇ ವಾಸಿ.

ಮೊದಲ ಗುಳಿಗೆ ಸಾಕಷ್ಟು ಪವರ್‌ಗೆ ಏರಿದೆಯಾ ಅನ್ನುವುದನ್ನೂ ಡಾಕ್ಟರಿಗೆ ಕೇಳಬಹುದು, ತಪ್ಪಿಲ್ಲ. ಕಡಿಮೆ ಪವರ್‌ನಲ್ಲಿ ನಿಲ್ಲಲಿಲ್ಲ ಅಂದ ಮಾತ್ರಕ್ಕೆ ಆ ಔಷಧಿ ಸೋತಂತಲ್ಲ.

ಇನ್ನೊಂದು, ಬಂದದ್ದು ಫಿಟ್ಸೇ ಹೌದಾ ಅನ್ನುವುದು. ತಲೆಸುತ್ತಿ ಬೀಳುವುದು, ಎದೆಬಡಿತದ ತೊಂದರೆಯಿಂದ ಬೀಳುವುದು, ಮನಸ್ಸಿನ ಒತ್ತಡದಿಂದ ಬರುವ ಫಿಟ್ಸ್‌ನಂಥ ಆಟ, ಇವು ಯಾವುವೂ ಎರಡನೇ ಗುಳಿಗೆಗೆ ಬಗ್ಗುವುದಿಲ್ಲ. ಡಾಕ್ಟರ್ ಕೋಣೆಯಲ್ಲಿ ಹತ್ತು ನಿಮಿಷ ವಿವರಿಸುವುದಕ್ಕಿಂತ ಮೊಬೈಲ್‌ನಲ್ಲಿ ಹಿಡಿದ ಒಂದು ನಿಮಿಷದ ವಿಡಿಯೋ ಜಾಸ್ತಿ ಹೇಳುತ್ತದೆ. ಒಬ್ಬರು ರೋಗಿಯನ್ನು ನೋಡಿಕೊಳ್ಳಿ, ಇನ್ನೊಬ್ಬರು ವಿಡಿಯೋ ಮಾಡಿ. ಮುಖ, ಎರಡೂ ಕೈ ಕಾಣಬೇಕು. ಹೆಸರು ಹಿಡಿದು ಕೂಗಿ, ಓ ಅನ್ನುತ್ತಾರಾ ಇಲ್ಲವಾ ಅನ್ನುವುದೂ ಅದರಲ್ಲಿ ಬರಲಿ.

ಡಾಕ್ಟರ್ ಮುಂದೆ ಏನೇನು ಬಿಚ್ಚಿಡಬೇಕು

ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಬಿಪಿ, ಸಕ್ಕರೆ, ಸೊಂಟನೋವು, ಟಿಬಿ, ಜೊತೆಗೆ ನಾಟಿ ಔಷಧಿ, ಭಸ್ಮ, ಎಲ್ಲವೂ. ಹೆಸರಿರುವ ಭಾಗ ಕತ್ತರಿಸಿ ಹೋದ ಸ್ಟ್ರಿಪ್ ತಂದು "ಇದ ಬಿಳಿ ಗುಳಿಗಿ" ಅಂದರೆ ಯಾರಿಗೂ ತಿಳಿಯುವುದಿಲ್ಲ. ಸ್ಟ್ರಿಪ್‌ನ ಹೆಸರಿರುವ ತುದಿಯನ್ನು ಕೊನೆಯ ತನಕ ಉಳಿಸಿಕೊಳ್ಳಿ.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಫಿಟ್ಸ್ ಗುಳಿಗೆಗಳಷ್ಟು ಬೇರೆ ಔಷಧಿಗಳ ಜೊತೆ ಜಗಳ ಕಾಯುವ ಗುಳಿಗೆ ಕಡಿಮೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಹಲವು ಫಿಟ್ಸ್ ಔಷಧಿಗಳ ಬಲ ಇಳಿಸುತ್ತದೆ. ಅದೇ ಟಿಬಿ ಕಿಟ್‌ನ ಐಸೋನಿಯಾಜಿಡ್ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಮಟ್ಟವನ್ನು ಏರಿಸುತ್ತದೆ. ಗಂಟಲುನೋವಿಗೆ ಕೊಡುವ ಕ್ಲಾರಿಥ್ರೋಮೈಸಿನ್ ಕೂಡ ಕಾರ್ಬಮಜೆಪಿನ್ ಏರಿಸಿ ತಲೆಸುತ್ತು ತರಬಹುದು. ನೋವಿನ ಗುಳಿಗೆ ಟ್ರಾಮಡಾಲ್ ತಾನೇ ಫಿಟ್ಸ್ ಎಬ್ಬಿಸಬಲ್ಲದು. ಸೊಂಟನೋವಿಗೆ ಅಂತ ಯಾರೋ ಕೊಟ್ಟ ಟ್ರಾಮಡಾಲ್ ನುಂಗಿ, ಫಿಟ್ಸ್ ಬಂದು, ಅದಕ್ಕೆ ಎರಡನೇ ಗುಳಿಗೆ ಹಾಕಿಸಿಕೊಂಡವರನ್ನು ನಾನು ನೋಡಿದ್ದೇನೆ. ಯಾವ ಔಷಧಿ ಅಂಗಡಿಗೆ ಹೋದರೂ, ನೆಗಡಿ ಗುಳಿಗೆಗೆ ಹೋದರೂ, ಮೊದಲ ಮಾತು "ನನಗೆ ಫಿಟ್ಸ್ ಗುಳಿಗೆ ನಡೆದಿದೆ" ಅಂತ ಇರಲಿ.

ಔಷಧಿ ಬಿಟ್ಟು ಇವನ್ನೂ ಹೇಳಿ: ಕಿಡ್ನಿ ತೊಂದರೆ ಅಥವಾ ಕಲ್ಲು, ಹೃದಯದ ತೊಂದರೆ, ಲಿವರ್ ತೊಂದರೆ, ಹಿಂದೆ ಯಾವ ಗುಳಿಗೆಗಾದರೂ ಮೈಮೇಲೆ ದದ್ದು ಎದ್ದಿತ್ತಾ, ಮನಸ್ಸು ಕುಗ್ಗುವುದು, ಜೀವ ಬೇಡ ಅನ್ನಿಸಿದ್ದು. ಕುಡಿತವಿದ್ದರೆ ಅದನ್ನೂ. ಹೆಂಡತಿ ಮುಂದೆ ಹೇಳಲಾಗದಿದ್ದರೆ ಅವರನ್ನು ಎರಡು ನಿಮಿಷ ಹೊರಗೆ ಕೂರಿಸಿ ಹೇಳಿ. ಅಷ್ಟಕ್ಕೆ ಡಾಕ್ಟರ್ ಏನೂ ಅಂದುಕೊಳ್ಳುವುದಿಲ್ಲ.

ಹೆಣ್ಣುಮಕ್ಕಳಾದರೆ ಮದುವೆ, ಬಸಿರು, ಗರ್ಭನಿರೋಧಕ ಗುಳಿಗೆಯ ಮಾತು ಬರಲೇಬೇಕು. ವಾಲ್ಪ್ರೋಯೇಟ್ ಬಸಿರಿನಲ್ಲಿ ಮಗುವಿಗೆ ಅಪಾಯಕಾರಿ. ಹೆರುವ ವಯಸ್ಸಿನವರಿಗೆ ಬೇರೆ ದಾರಿ ಇದ್ದರೆ ಅದನ್ನು ಕೊಡುವುದಿಲ್ಲ. ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟಾಲ್ ಗರ್ಭನಿರೋಧಕ ಗುಳಿಗೆಯ ಬಲ ಕಡಿಮೆ ಮಾಡುತ್ತವೆ. ಲ್ಯಾಮೊಟ್ರಿಜಿನ್ ವಿಷಯದಲ್ಲಿ ಉಲ್ಟಾ: ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಗುಳಿಗೆಯೇ ಅದರ ಮಟ್ಟ ಇಳಿಸುತ್ತದೆ, ಬಸಿರಿನಲ್ಲೂ ಇಳಿಯುತ್ತದೆ. ಬಸಿರು ಅಂತ ಗೊತ್ತಾದ ಕೂಡಲೇ ಹೆದರಿ ಗುಳಿಗೆ ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಫೋಲಿಕ್ ಆಸಿಡ್ ಅನ್ನು ಬಸಿರಾಗುವ ಮುಂಚೆಯೇ ಶುರು ಮಾಡಬೇಕು.

ಯಾವ ಗುಳಿಗೆಗೆ ಯಾವುದು ಜೋಡಿ

ಕಾಲುವೆಯ ನೀರು ಹೊಲಕ್ಕೆ ನುಗ್ಗುತ್ತಿದೆ ಅಂದುಕೊಳ್ಳಿ. ಒಂದೇ ತೂಬಿಗೆ ಎರಡೆರಡು ಹಲಗೆ ಜಡಿಯುವುದಕ್ಕಿಂತ ಬೇರೆ ಬೇರೆ ಕಡೆ ಒಂದೊಂದು ಹಲಗೆ ಇಟ್ಟರೆ ಕೆಲಸ ಸಲೀಸು, ಅಲ್ವಾ? ಎರಡನೇ ಗುಳಿಗೆ ಆರಿಸುವಾಗ ಡಾಕ್ಟರ್ ಸಾಮಾನ್ಯವಾಗಿ ನೋಡುವುದು ಇದನ್ನೇ. ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್, ಲಾಕೋಸಮೈಡ್ ಇವೆಲ್ಲ ನರಕೋಶದ ಸೋಡಿಯಂ ಬಾಗಿಲ ಹತ್ತಿರ ಕೆಲಸ ಮಾಡುತ್ತವೆ. ಲೆವೆಟಿರಾಸೆಟಮ್, ಬ್ರಿವರಾಸೆಟಮ್ ಬೇರೆ ದಾರಿ. ಕ್ಲೋಬಜಾಮ್ ಮೆದುಳನ್ನು ಸುಮ್ಮನಾಗಿಸುವ ದಾರಿಗೆ ಬಲ ಕೊಡುತ್ತದೆ. ಪೆರಾಂಪನೆಲ್ ಕೆರಳಿಸುವ ದಾರಿಯನ್ನು ತಡೆಯುತ್ತದೆ.

ಒಂದೇ ತೂಬಿನ ಎರಡು ಗುಳಿಗೆ ಕೊಡಲೇಬಾರದು ಅಂತೇನಿಲ್ಲ, ಕೊಡುತ್ತಾರೆ. ಆಗ ತಲೆಸುತ್ತು, ಒಂದು ಎರಡಾಗಿ ಕಾಣುವುದು ಜಾಸ್ತಿ. ಲೆವೆಟಿರಾಸೆಟಮ್ ನಡೆದಿರುವಾಗ ಬ್ರಿವರಾಸೆಟಮ್ ಸೇರಿಸಿದರೆ ಹೆಚ್ಚಿನ ಲಾಭವಿಲ್ಲ. ಎರಡೂ ಒಂದೇ ಚೀಟಿಯಲ್ಲಿದ್ದರೆ ಒಂದನ್ನು ನಿಲ್ಲಿಸಬೇಕಾ ಅಂತ ಕೇಳಿಯೇ ಬನ್ನಿ. ಲಾಕೋಸಮೈಡ್ ಶುರು ಮಾಡುವ ಮುಂಚೆ, ಅದರಲ್ಲೂ ವಯಸ್ಸಾದವರಿಗೆ, ಇಸಿಜಿ ಮಾಡಿಸುವುದುಂಟು. ಬೇಡದ ಟೆಸ್ಟ್ ಅಂತ ಗೊಣಗಬೇಡಿ. ಅದಕ್ಕೆ ಕಾರಣವಿದೆ: ಈ ಗುಳಿಗೆಯಿಂದ ಹೃದಯದೊಳಗೆ ಮಿಡಿತದ ಸಂಕೇತ ಸಾಗುವುದು ಸ್ವಲ್ಪ ನಿಧಾನವಾಗಬಹುದು.

ನಿಧಾನವೇ ಇಲ್ಲಿ ಔಷಧಿ

ಎರಡನೇ ಗುಳಿಗೆ ಮೊದಲ ದಿನವೇ ಪೂರ್ತಿ ಪವರ್‌ಗೆ ಬರುವುದು ಅಪರೂಪ. ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಜನ ಇಲ್ಲೇ ಎಡವುವುದು. "ಇಷ್ಟ ಸಣ್ಣ ಗುಳಿಗಿಲೆ ಏನಾಗತೈತ್ರಿ?" ಅಂತ ಎರಡು ನುಂಗುತ್ತಾರೆ. ಅಥವಾ ಎರಡನೇ ವಾರ ಏರಿಸಬೇಕಾದ್ದನ್ನು ಮರೆತು ಮೂರು ತಿಂಗಳು ಮೊದಲ ಮೆಟ್ಟಿಲಲ್ಲೇ ಕೂರುತ್ತಾರೆ.

ಲ್ಯಾಮೊಟ್ರಿಜಿನ್ ತೆಗೆದುಕೊಳ್ಳಿ. ಕಾರ್ಬಮಜೆಪಿನ್, ಫೆನಿಟಾಯಿನ್, ವಾಲ್ಪ್ರೋಯೇಟ್ ಯಾವುದೂ ಇಲ್ಲದವರಿಗೆ ಸಾಮಾನ್ಯವಾಗಿ ಎರಡು ವಾರ ದಿನಕ್ಕೆ 25 ಮಿಲಿಗ್ರಾಂ, ಮತ್ತೆರಡು ವಾರ 50, ಆಮೇಲೆ ಮೇಲೆ. ವಾಲ್ಪ್ರೋಯೇಟ್ ನಡೆದಿದ್ದರೆ ಮೊದಲ ಎರಡು ವಾರ ದಿನ ಬಿಟ್ಟು ದಿನ 25 ಮಾತ್ರ. ವಾಲ್ಪ್ರೋಯೇಟ್ ಅದನ್ನು ದೇಹದಿಂದ ಬೇಗ ಹೊರಹೋಗಲು ಬಿಡುವುದಿಲ್ಲ, ಅದಕ್ಕೆ. ಕಾರ್ಬಮಜೆಪಿನ್ ಜೊತೆಗಿದ್ದರೆ ಅದು ಬೇಗ ಖರ್ಚಾಗುತ್ತದೆ, ಹಾಗಾಗಿ ಶುರುವೇ 50ರಿಂದ. ಒಂದೇ ಗುಳಿಗೆ, ಮೂರು ಮನೆಗೆ ಮೂರು ಲೆಕ್ಕ. ಪಕ್ಕದ ಮನೆಯವರ ಚೀಟಿ ನೋಡಿ ನಿಮ್ಮದನ್ನು ಅಳೆಯಬೇಡಿ ಅನ್ನುವುದು ಇದಕ್ಕೇ. ಅವಸರ ಮಾಡಿದರೆ ದದ್ದು ಏಳುವ ಅಪಾಯ ಜಾಸ್ತಿ, ಆ ದದ್ದು ಕೆಲವರಲ್ಲಿ ಚರ್ಮ ಸುಲಿಯುವ ತನಕ ಹೋಗುತ್ತದೆ. ಹೆಚ್ಚಾಗಿ ಮೊದಲ ಎಂಟು ವಾರದೊಳಗೆ. ಇನ್ನೊಂದು ವಿಷಯ: ಲ್ಯಾಮೊಟ್ರಿಜಿನ್ ನಾಲ್ಕೈದು ದಿನ ಪೂರ್ತಿ ಬಿಟ್ಟುಹೋದರೆ ನೇರವಾಗಿ ಹಳೇ ಪವರ್‌ಗೆ ಹಾರಬೇಡಿ. ಡಾಕ್ಟರಿಗೆ ಕೇಳಿ. ಮತ್ತೆ ಮೊದಲ ಮೆಟ್ಟಿಲಿನಿಂದ ಶುರು ಮಾಡಬೇಕಾಗಬಹುದು.

ಲಾಕೋಸಮೈಡ್ ಸಾಮಾನ್ಯವಾಗಿ 50 ಮಿಲಿಗ್ರಾಂ ದಿನಕ್ಕೆ ಎರಡು ಸಲ ಶುರುವಾಗಿ ವಾರಕ್ಕೊಮ್ಮೆ ಏರುತ್ತದೆ. ಪೆರಾಂಪನೆಲ್ ಮಲಗುವಾಗ ಒಂದೇ ಸಲ. ಬ್ರಿವರಾಸೆಟಮ್‌ಗೆ ಮೆಟ್ಟಿಲು ಅಷ್ಟಾಗಿ ಬೇಕಿಲ್ಲ.

ಮನೆಯಲ್ಲಿ ಮಾಡುವ ಕೆಲಸ ಸುಲಭ. ಗೋಡೆಯ ಕ್ಯಾಲೆಂಡರ್ ತೆಗೆದುಕೊಳ್ಳಿ. ಚೀಟಿ ನೋಡಿ, ಏರಿಸುವ ದಿನಗಳ ಮೇಲೆ ಕೆಂಪು ಪೆನ್ನಿನಿಂದ "ಇವತ್ತಿನಿಂದ ಬೆಳಿಗ್ಗೆ 1, ರಾತ್ರಿ 2" ಅಂತ ಬರೆಯಿರಿ. ಅಕ್ಷರ ಬಾರದ ಅಜ್ಜಿ ಗುಳಿಗೆ ಕೊಡುವವರಾದರೆ ಸೂರ್ಯ, ಚಂದ್ರ ಬಿಡಿಸಿ ಪಕ್ಕದಲ್ಲಿ ಚುಕ್ಕಿ ಇಡಿ. ನಾನು ಕವರ್ ಮೇಲೆ ಹಾಗೇ ಬಿಡಿಸಿ ಕೊಡುತ್ತೇನೆ. ನನ್ನ ಚಂದ್ರ ಬಾಳೆಹಣ್ಣಿನ ಹಾಗಿರುತ್ತದೆ ಅಂತ ನಗುತ್ತಾರೆ, ಪರವಾಗಿಲ್ಲ.

ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ, ಎರಡು ಒಟ್ಟಿಗೆ ಬೇಡ.

ಎರಡು ಬಸ್ಸು ಕಂಡ ಕಥೆ

ಮುದ್ದೇಬಿಹಾಳದ ಕಡೆಯಿಂದ ದಿನಾ ಬಸ್ಸಿಗೆ ಓಡಾಡುವ ಒಬ್ಬ ಹುಡುಗನಿಗೆ ಕಾರ್ಬಮಜೆಪಿನ್ ಜೊತೆ ಲಾಕೋಸಮೈಡ್ ಸೇರಿತು. ಮೂರನೇ ವಾರ ಬಂದು, "ಅಣ್ಣಾ, ಈ ಗುಳಿಗಿ ಬ್ಯಾಡ, ತಲಿ ತಿರಗತೈತಿ" ಅಂದ. ಯಾವಾಗ ಅಂದೆ. "ಯಾವಾಗಲೂ." ಯಾವಾಗಲೂ ಅನ್ನುವ ಉತ್ತರದಿಂದ ಡಾಕ್ಟರಿಗೆ ಏನೂ ಮಾಡಲಾಗದು. ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟು ವಾರ ಬರೆಯಲು ಹೇಳಿದೆ.

ಅವನ ಅಕ್ಷರ ಇನ್ನೂ ಕಣ್ಣ ಮುಂದಿದೆ. "ಮುಂಜಾನೆ 8 ಗುಳಿಗಿ. 9.30 ಸ್ಟ್ಯಾಂಡಿನಾಗ ಎರಡು ಬಸ್ ಕಂಡವು, ಇದ್ದದ್ದು ಒಂದ. 11ಕ್ಕ ಸರಿ." ಏಳು ದಿನ, ಹೆಚ್ಚುಕಡಿಮೆ ಇದೇ. ಡಾಕ್ಟರ್ ಆ ಪುಟ ನೋಡಿ ಹೊಸ ಗುಳಿಗೆ ತೆಗೆಯಲಿಲ್ಲ. ಹಳೆಯದನ್ನು, ಕಾರ್ಬಮಜೆಪಿನ್ ಅನ್ನು, ಸ್ವಲ್ಪ ಇಳಿಸಿದರು. ಮುಂಜಾನೆ ನುಂಗಿದ ಎರಡೂ ಗುಳಿಗೆ ರಕ್ತದಲ್ಲಿ ಏರುತ್ತಿರುವ ಹೊತ್ತು ಆ ಒಂಬತ್ತೂವರೆ. ಹೊಸದನ್ನು ಸೇರಿಸಿದಾಗ ತೊಂದರೆ ಬಂದರೆ ತಪ್ಪು ಹೊಸದರದ್ದೇ ಅಂತ ನಾವು ತೀರ್ಮಾನ ಮಾಡಿಬಿಡುತ್ತೇವೆ. ಎಷ್ಟೋ ಸಲ ಇಳಿಸಬೇಕಾದ್ದು ಹಳೆಯದನ್ನು. ಆದರೆ ಆ ನಿರ್ಧಾರ ಮನೆಯಲ್ಲಿ ಬೇಡ.

ನೋಟ್‌ಬುಕ್‌ನಲ್ಲಿ ಇಷ್ಟಿದ್ದರೆ ಸಾಕು: ತಾರೀಕು, ಹೊತ್ತು, ಯಾವ ತರಹದ ಫಿಟ್ಸ್, ಎಷ್ಟು ನಿಮಿಷ, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ಗುಳಿಗೆ ತಪ್ಪಿತ್ತಾ. ಹೆಣ್ಣುಮಕ್ಕಳು ಮುಟ್ಟಿನ ದಿನವನ್ನೂ ಗುರುತು ಹಾಕಿ, ಕೆಲವರಲ್ಲಿ ಫಿಟ್ಸ್ ಆ ದಿನಗಳ ಸುತ್ತ ಜಾಸ್ತಿ. ಬೇರೆ ತೊಂದರೆ ಇದ್ದರೆ ಗುಳಿಗೆ ನುಂಗಿದ ಎಷ್ಟು ಹೊತ್ತಿಗೆ ಬಂತು ಅಂತ.

ಬರೆದು ಕಾಯುವಂಥದ್ದು, ಕಾಯದೆ ಓಡುವಂಥದ್ದು

ಮೊದಲ ಒಂದೆರಡು ವಾರ ಮಂಪರು, ಸುಸ್ತು, ಸ್ವಲ್ಪ ತೂರಾಟ ಬರುವುದುಂಟು. ಹೆಚ್ಚಿನವರಿಗೆ ಇಳಿಯುತ್ತದೆ. ಟೋಪಿರಾಮೇಟ್‌ನಲ್ಲಿ ಮಾತಿನ ಮಧ್ಯೆ ಪದ ಸಿಗದೆ ತಡವರಿಸುವುದು, ಬೆರಳು ಜುಮ್ಮೆನ್ನುವುದು, ತೂಕ ಇಳಿಯುವುದು ಕಾಣುತ್ತದೆ. ಫೆನಿಟಾಯಿನ್ ವರ್ಷಗಟ್ಟಲೆ ನಡೆದರೆ ಒಸಡು ಬೆಳೆಯುತ್ತದೆ. ಇವನ್ನು ಬರೆದಿಟ್ಟು ಮುಂದಿನ ಭೇಟಿಯಲ್ಲಿ ತೋರಿಸಿ.

ಸಿಟ್ಟಿನ ಮಾತು ಬೇರೆ. ಒಬ್ಬ ವೈನಿ ಕೌಂಟರಿಗೆ ಬಂದು, ಅಂಗಡಿ ಖಾಲಿಯಾಗುವ ತನಕ ಕಾದು, ಮೆಲ್ಲಗೆ ಹೇಳಿದರು: "ಸಾರಿಗೆ ಉಪ್ಪ ಕಡಿಮಿ ಆದ್ರ ತಾಟ ಒಗಿತಾರ್ರಿ. ಮೊದಲ ಹಿಂಗ ಇರಲಿಲ್ಲ." ಗಂಡನಿಗೆ ಲೆವೆಟಿರಾಸೆಟಮ್ ಸೇರಿಸಿ ಒಂದು ತಿಂಗಳಾಗಿತ್ತು. ಈ ಗುಳಿಗೆಯಲ್ಲಿ ಕೆಲವರಿಗೆ ಸಿಟ್ಟು, ಕಿರಿಕಿರಿ, ಮನಸ್ಸು ಕುಗ್ಗುವುದು ಬರುತ್ತದೆ. ಪೆರಾಂಪನೆಲ್‌ನಲ್ಲೂ ಇದೆ. ಹೇಳಿದರೆ ಡಾಕ್ಟರ್ ಪವರ್ ಇಳಿಸಬಹುದು, ಬೇರೆಯದಕ್ಕೆ ಬದಲಿಸಬಹುದು. ಹೇಳದಿದ್ದರೆ ಮನೆ ಒಡೆಯುತ್ತದೆ, ಗುಳಿಗೆ ಹೆಸರು ಎಲ್ಲೂ ಬರುವುದಿಲ್ಲ. ರೋಗಿ ತಾನಾಗಿ ಇದನ್ನು ಹೇಳುವುದಿಲ್ಲ, ಅವರಿಗೆ ಗೊತ್ತಾಗಿಯೇ ಇರುವುದಿಲ್ಲ. ಮನೆಯವರೇ ಹೇಳಬೇಕು.

ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕಾದವು: ಮೈಮೇಲೆ ದದ್ದು, ಅದರ ಜೊತೆ ಜ್ವರ, ಬಾಯಿ ಅಥವಾ ಕಣ್ಣು ಉರಿದು ಹುಣ್ಣಾಗುವುದು. ಕಣ್ಣು ಹಳದಿ. ವಯಸ್ಸಾದವರಲ್ಲಿ ಇದ್ದಕ್ಕಿದ್ದ ಹಾಗೆ ಗೊಂದಲ, ವಾಂತಿ. ಕಾರ್ಬಮಜೆಪಿನ್, ಅದಕ್ಕಿಂತ ಆಕ್ಸ್‌ಕಾರ್ಬಜೆಪಿನ್ ಜಾಸ್ತಿ, ರಕ್ತದ ಸೋಡಿಯಂ ಇಳಿಸುವುದರಿಂದ ಹೀಗಾಗಬಹುದು. ಬಿಪಿಗೆ ಮೂತ್ರ ಹೋಗುವ ಗುಳಿಗೆಯೂ ಇದ್ದರೆ ಇನ್ನೂ ಜಾಸ್ತಿ. ಟೋಪಿರಾಮೇಟ್ ಶುರುವಾದ ಮೇಲೆ ಕಣ್ಣುನೋವು, ದೃಷ್ಟಿ ಮಂಜು. ಲಾಕೋಸಮೈಡ್‌ನಲ್ಲಿ ಕಣ್ಣು ಕತ್ತಲಿಟ್ಟು ಬೀಳುವುದು. ಸಾಯುವ ಮಾತು ಆಡುವುದು, ಯಾವ ಗುಳಿಗೆಯಲ್ಲೇ ಆಗಲಿ.

ಫಿಟ್ಸ್ ಬಂದಾಗ ಏನು ಮಾಡಬೇಕು ಅಂತ ಚುಟುಕಾಗಿ. ಪಕ್ಕಕ್ಕೆ ಮಲಗಿಸಿ, ತಲೆ ಕೆಳಗೆ ಟವೆಲ್ ಇಡಿ, ಗಡಿಯಾರ ನೋಡಿ. ಕೈಗೆ ಕಬ್ಬಿಣ, ಮೂಗಿಗೆ ಉಳ್ಳಾಗಡ್ಡಿ, ಚಪ್ಪಲಿ ಏನೂ ಬೇಡ. ಬಾಯಿಗೆ ನೀರು, ಚಮಚ ಬೇಡವೇ ಬೇಡ. 5 ನಿಮಿಷ ದಾಟಿದರೆ, ಅಥವಾ ಎಚ್ಚರ ಬರದೆ ಮತ್ತೊಂದು ಬಂದರೆ 108ಕ್ಕೆ ಫೋನ್. ಫಿಟ್ಸ್ ನಿಲ್ಲಿಸಲು ಡಾಕ್ಟರ್ ಮಿಡಜೋಲಮ್ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದರೆ ಅದು ಬೀಗ ಹಾಕಿದ ಅಲಮಾರಿಯಲ್ಲಿ ಇರಬಾರದು.

ನನ್ನದೇ ಒಂದು ತಪ್ಪು

ಬಹಳ ಹಿಂದೆ, ಹಬ್ಬದ ಗದ್ದಲದಲ್ಲಿ, ಸಿಆರ್ ಅಂತ ಬರೆದಿದ್ದ ಕಾರ್ಬಮಜೆಪಿನ್ ಬದಲು ಸಾದಾ ಕೊಟ್ಟುಬಿಟ್ಟೆ. ಪವರ್ ಅದೇ, ಹೆಸರು ಅದೇ. ಸಿಆರ್ ಅಂದರೆ ಔಷಧಿ ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆ. ಸಾದಾ ಬೇಗ ಏರಿ ಬೇಗ ಇಳಿಯುತ್ತದೆ. ನಾಲ್ಕನೇ ದಿನ ಅವರ ಮಗ ಬಂದು, ಅಪ್ಪ ಮುಂಜಾನೆ ಹೊಯ್ದಾಡುತ್ತಾರೆ ಅಂದಾಗ ನನಗೆ ಬೆವರು ಬಂತು. ಅವತ್ತಿನಿಂದ ಫಿಟ್ಸ್ ಗುಳಿಗೆಯ ಸ್ಟ್ರಿಪ್ ಕೊಡುವಾಗ ಹಳೇ ಸ್ಟ್ರಿಪ್ ಪಕ್ಕದಲ್ಲಿಟ್ಟು ತಾಳೆ ನೋಡಿಯೇ ಕೊಡುತ್ತೇನೆ.

ನೀವೂ ಹಾಗೇ ಮಾಡಿ. ಹಳೇ ಖಾಲಿ ಸ್ಟ್ರಿಪ್ ತನ್ನಿ. ಹೆಸರು, ಪವರ್, ಸಿಆರ್ ಅಥವಾ ಇಆರ್ (ಇದೂ ನಿಧಾನವಾಗಿ ಬಿಡುಗಡೆಯಾಗುವುದೇ) ಅನ್ನುವ ಅಕ್ಷರ, ಮೂರೂ ಒಂದೇನಾ ನೋಡಿ. ಸಿಆರ್ ಗುಳಿಗೆಯನ್ನು ಜಗಿಯಬೇಡಿ, ಪುಡಿ ಮಾಡಬೇಡಿ. ಕಂಪನಿ ಬದಲಾದರೆ ಯಾಕೆ ಅಂತ ಕೇಳಿ, ಒಮ್ಮೆ ಬದಲಾಯಿಸಿದ ಮೇಲೆ ಅದರಲ್ಲೇ ಇರಿ. ಜನೌಷಧಿ ಕೇಂದ್ರದಲ್ಲಿ ಹಲವು ಫಿಟ್ಸ್ ಗುಳಿಗೆ ಕಡಿಮೆ ಬೆಲೆಗೆ ಸಿಗುತ್ತವೆ. ಔಷಧಿ ಅಂಗಡಿಯವನಾಗಿ ಇದನ್ನು ಹೇಳುವುದು ನನ್ನ ಹೊಟ್ಟೆಗೆ ಕಲ್ಲು, ಆದರೂ ಎರಡೆರಡು ಗುಳಿಗೆ ವರ್ಷಗಟ್ಟಲೆ ನಡೆಯಬೇಕಾದವರು ಹೋಗಿ ನೋಡಲೇಬೇಕು. ಅಲ್ಲಿ ಹೋಗುವ ಮುಂಚೆ ಡಾಕ್ಟರಿಗೆ ಒಂದು ಮಾತು ಹೇಳಿ, ಆಮೇಲೆ ಪ್ರತಿ ತಿಂಗಳೂ ಅಲ್ಲಿಂದಲೇ ತನ್ನಿ. ಮನೆಯಲ್ಲಿ ಯಾವಾಗಲೂ ಹತ್ತು ದಿನದ ಗುಳಿಗೆ ಹೆಚ್ಚಿಗೆ ಇರಲಿ.

ನಮ್ಮ ಕಡೆಯ ಬಿಸಿಲು, ಜಾತ್ರೆ, ಬಾವಿ

ಏಪ್ರಿಲ್, ಮೇನಲ್ಲಿ ವಿಜಯಪುರ, ಬಾಗಲಕೋಟೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಟೋಪಿರಾಮೇಟ್ ಮತ್ತು ಜೋನಿಸಮೈಡ್ ಕೆಲವರಲ್ಲಿ ಬೆವರು ಕಡಿಮೆ ಮಾಡುತ್ತವೆ, ಕಿಡ್ನಿ ಕಲ್ಲಿಗೂ ದಾರಿ ಮಾಡುತ್ತವೆ. ಇವೆರಡರಲ್ಲಿ ಒಂದು ನಡೆದಿದ್ದರೆ ನಡು ಮಧ್ಯಾಹ್ನ ಹೊಲದ ಕೆಲಸ ಬೇಡ, ನೀರು ಮಜ್ಜಿಗೆ ಕುಡಿಯುತ್ತಿರಿ, ಮೈ ಬಿಸಿಯಾಗಿ ಬೆವರೇ ಬಾರದಿದ್ದರೆ ನೆರಳಿಗೆ ಬಂದು ಮೈ ಒದ್ದೆ ಮಾಡಿಕೊಳ್ಳಿ. ಅಷ್ಟಕ್ಕೂ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ.

ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವರು, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರು ನಮ್ಮಲ್ಲಿ ಪ್ರತಿ ವರ್ಷ ಬಂದು ಗುಳಿಗೆ ಒಯ್ಯುತ್ತಾರೆ. ಹರಕೆ ಬೇಡ ಅನ್ನುವುದಿಲ್ಲ. ಆದರೆ ಪವರ್ ಏರಿಸುತ್ತಿರುವ ವಾರಗಳಲ್ಲಿ ಹೊರಡಬೇಡಿ. ನಿದ್ದೆಗೆಟ್ಟು ನಡೆಯಬೇಡಿ. ಗುಳಿಗೆ ಬೇರೆಯವರ ಚೀಲದಲ್ಲಿ ಹಾಕಬೇಡಿ, ಆ ಚೀಲ ಯಾವಾಗಲೂ ಹಿಂದಿನ ಟ್ರ್ಯಾಕ್ಟರ್‌ನಲ್ಲಿ ಉಳಿಯುತ್ತದೆ. ರಂಜಾನ್ ಉಪವಾಸ ಮಾಡುವವರು ತಿಂಗಳು ಮುಂಚೆಯೇ ಡಾಕ್ಟರನ್ನು ಕಂಡು ಹೊತ್ತು ಹೊಂದಿಸಿಕೊಳ್ಳಿ. ತಾವೇ ಒಂದು ಹೊತ್ತು ಬಿಡುವುದು ಬೇಡ.

ಬಾವಿ, ಕೃಷಿ ಹೊಂಡ, ಕಾಲುವೆಯ ದಂಡೆಗೆ ಒಬ್ಬರೇ ಹೋಗಬಾರದು. ಒಲೆ ಮುಂದೆ ಒಬ್ಬರೇ ಕೂತು ರೊಟ್ಟಿ ಬಡಿಯುವುದೂ ಅಪಾಯವೇ, ಇದನ್ನು ಯಾರೂ ಹೇಳುವುದಿಲ್ಲ. ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಬೇಡ. ಬೈಕ್ ವಿಷಯ ಕೇಳಿಯೇ ಕೇಳುತ್ತಾರೆ: ಲೈಸೆನ್ಸ್ ಅರ್ಜಿಯ ಫಾರ್ಮ್ 1ರಲ್ಲೇ ಫಿಟ್ಸ್ ಇದೆಯಾ ಅಂತ ಪ್ರಶ್ನೆ ಇದೆ. ಗುಳಿಗೆ ಬದಲಾಗುತ್ತಿರುವ ಕಾಲದಲ್ಲಂತೂ ಕೀಲಿಕೈ ಮನೆಯವರ ಹತ್ತಿರ ಇರಲಿ.

ಫಲ ಬಂತಾ ಅಂತ ಯಾವಾಗ ಹೇಳುವುದು

ಒಂದು ತಿಂಗಳು ಫಿಟ್ಸ್ ಬರಲಿಲ್ಲ ಅಂದರೆ ಸಿಹಿ ಹಂಚುತ್ತಾರೆ. ಸಂತೋಷವೇ. ಆದರೆ ಲೆಕ್ಕ ಬೇರೆ. ಮೊದಲು ಎರಡು ಫಿಟ್ಸ್ ನಡುವೆ ಇದ್ದ ಅತಿ ದೊಡ್ಡ ಬಿಡುವಿನ ಮೂರು ಪಟ್ಟು, ಇಲ್ಲವೇ ಒಂದು ವರ್ಷ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು ದಿನ ಬರದೇ ಇದ್ದರೆ ನಿಂತಿತು ಅನ್ನುತ್ತಾರೆ. ಆರು ತಿಂಗಳಿಗೊಮ್ಮೆ ಬರುತ್ತಿದ್ದವರಿಗೆ ಒಂದೂವರೆ ವರ್ಷ. ಹೊಸ ಔಷಧಿಗಳ ಪ್ರಯೋಗಗಳಲ್ಲಿ ಹೆಚ್ಚಾಗಿ ನೋಡುವುದು ಫಿಟ್ಸ್ ಅರ್ಧಕ್ಕಾದರೂ ಇಳಿಯಿತಾ ಅಂತ. ಅರ್ಧಕ್ಕೆ ಇಳಿದರೆ ಜೀವ ಹಗುರಾಗುತ್ತದೆ ನಿಜ, ಗುರಿ ಮಾತ್ರ ಸೊನ್ನೆಯೇ. ಡಾಕ್ಟರ್ ಹತ್ತಿರ "ಕಡಿಮಿ ಆಗೇತ್ರಿ" ಅಂತಷ್ಟೇ ಹೇಳಿ ಬರಬೇಡಿ. ತಿಂಗಳಿಗೆ ಆರು ಇದ್ದದ್ದು ಎರಡಾಗಿದೆ ಅಂತ ಪುಟ ತೋರಿಸಿ.

ಎರಡನೆಯದು ಚೆನ್ನಾಗಿ ಹಿಡಿದರೆ ಮೊದಲನೆಯದನ್ನು ನಿಧಾನವಾಗಿ ಇಳಿಸಿ ತೆಗೆಯಬಹುದಾ ಅಂತ ಕೇಳಿ. ಸೇರಿಸುವುದನ್ನು ಎಲ್ಲರೂ ನೆನಪಿಡುತ್ತಾರೆ, ತೆಗೆಯುವುದನ್ನು ಮರೆಯುತ್ತಾರೆ. ಹಾಗೇ ಬೆಳೆದು ನಾಲ್ಕು ಗುಳಿಗೆಯಾಗಿ, ಇಡೀ ದಿನ ಮಂಪರಿನಲ್ಲಿ ಕೂತವರೂ ಇದ್ದಾರೆ. ಕ್ಲೋಬಜಾಮ್, ಫಿನೋಬಾರ್ಬಿಟಾಲ್‌ನಂಥವನ್ನು ತಾವಾಗಿಯೇ ಒಮ್ಮೆಲೇ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬರುವ ಅಪಾಯವಿದೆ.

ಸರಿಯಾಗಿ ಆರಿಸಿದ ಎರಡು ಔಷಧಿ, ಸರಿಯಾದ ಪವರ್‌ನಲ್ಲಿ, ತಪ್ಪದೆ ತೆಗೆದುಕೊಂಡೂ ನಿಲ್ಲದಿದ್ದರೆ ಅದಕ್ಕೆ ಔಷಧಿಗೆ ಬಗ್ಗದ ಫಿಟ್ಸ್ ಅನ್ನುತ್ತಾರೆ. ಆಗ ಮೂರನೇ, ನಾಲ್ಕನೇ ಗುಳಿಗೆ ಅಂತ ವರ್ಷ ಕಳೆಯುವ ಮುಂಚೆ ಆಪರೇಷನ್ ಸಾಧ್ಯವಾ ಅಂತ ನೋಡಿಸಬೇಕು. ಕಿವಿಯ ಮೇಲ್ಭಾಗದ ಮೆದುಳಿನಿಂದ ಶುರುವಾಗುವ ಫಿಟ್ಸ್‌ನಲ್ಲಿ 2001ರಲ್ಲಿ ಪ್ರಕಟವಾದ ಕೆನಡಾದ ಒಂದು ಪ್ರಯೋಗದಲ್ಲಿ, ಒಂದು ವರ್ಷದ ಕೊನೆಗೆ ಎಚ್ಚರ ತಪ್ಪುವ ಫಿಟ್ಸ್ ಇಲ್ಲದವರು ಆಪರೇಷನ್ ಗುಂಪಿನಲ್ಲಿ ನೂರಕ್ಕೆ 58, ಬರೀ ಔಷಧಿಯ ಗುಂಪಿನಲ್ಲಿ 8. ಎಲ್ಲರಿಗೂ ಆಪರೇಷನ್ ಆಗದು. ಆಗುತ್ತದಾ ಅಂತ ನೋಡಿಸುವುದಕ್ಕೇನು ಅಡ್ಡಿ?

ಶುರುವಿನ ತಪಾಸಣೆಗೆ ವಿಜಯಪುರದಲ್ಲಿ ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಬಾಗಲಕೋಟೆಯಲ್ಲಿ ಕುಮಾರೇಶ್ವರ ಆಸ್ಪತ್ರೆ, ಬೆಳಗಾವಿಯಲ್ಲಿ ಸರ್ಕಾರಿ ಆಸ್ಪತ್ರೆ ಬಿಮ್ಸ್ ಮತ್ತು ಕೆಎಲ್‌ಇಯ ಪ್ರಭಾಕರ ಕೋರೆ ಆಸ್ಪತ್ರೆ ಇವೆ. ನರರೋಗ ತಜ್ಞರು ಯಾವ ದಿನ ಇರುತ್ತಾರೆ ಅಂತ ಫೋನ್ ಮಾಡಿ ಹೋಗಿ. ಆಪರೇಷನ್ ಮಾತಿಗೆ ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ. ಹೋಗುವಾಗ ಎಂಆರ್‌ಐ ರಿಪೋರ್ಟ್ ಮಾತ್ರವಲ್ಲ, ಫಿಲ್ಮ್ ಅಥವಾ ಸಿಡಿ, ಇಇಜಿ (ಮೆದುಳಿನ ಅಲೆಗಳ ಪರೀಕ್ಷೆ), ವಿಡಿಯೋ, ನೋಟ್‌ಬುಕ್, ಇಲ್ಲಿಯವರೆಗೆ ತೆಗೆದುಕೊಂಡ ಪ್ರತಿ ಗುಳಿಗೆಯ ಹೆಸರು, ಅದು ಮುಟ್ಟಿದ ಪವರ್, ಯಾಕೆ ಬಿಟ್ಟಿರಿ ಅನ್ನುವುದು, ಇಷ್ಟನ್ನೂ ಒಂದೇ ಫೈಲ್‌ನಲ್ಲಿ ಇಟ್ಟುಕೊಳ್ಳಿ. ಹಳೇ ಗುಳಿಗೆಯ ಹೆಸರು ಮರೆತಿದ್ದರೆ ನೀವು ಔಷಧಿ ಕೊಳ್ಳುತ್ತಿದ್ದ ಅಂಗಡಿಯಲ್ಲಿ ಹಳೇ ಬಿಲ್ ಕೇಳಿ. ಕಂಪ್ಯೂಟರ್‌ನಲ್ಲಿ ಹುಡುಕಿದರೆ ಸಿಗಬಹುದು. ಸ್ವಲ್ಪ ಗೊಣಗುತ್ತೇವೆ, ಆದರೆ ಹುಡುಕಿ ಕೊಡುತ್ತೇವೆ.